ಕಾರ್ ಶೆಡ್ಡಿನ ತೊಟ್ಟಿಲು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿದೆ. ಯಜಮಾನರಿಗೆ ಗಂಜಿ ಬಡಿಸಿ, ಮಾತ್ರೆ ನೆನಪಿಸಿದೆ. ಮೀನಿನವಳು ಬಂದಳು, ಬಂಗುಡೆ ತೆಗೆದುಕೊಂಡು, ಅವಳ ಸೊಸೆಯ ದೂರನ್ನೂ ಅರ್ಧ ಕೇಳಿ, ಬೆಕ್ಕನ್ನು ಓಡಿಸಿದೆ. ಸಂಜೆಯ ಅವಲಕ್ಕಿ ಆರಿಸಿಟ್ಟೆ, ಕಾಯಿ ತುರಿದೆ. ಆಮೇಲೆ ಪಕ್ಕದ ಮನೆಯ ಟೀಚರ ಹಳೆಯ ಕಾಫಿ ಬಣ್ಣದ ಹತ್ತಿ ಸೀರೆಯನ್ನು ಒಗೆದು ನೆರಳಿನಲ್ಲಿ ಹರವಿದೆ. ಗಂಜಿ ಹಾಕಲಿಲ್ಲ. ಅದು ತೊಟ್ಟಿಲಿನ ಸೀರೆ. ಮಗುವಿನ ಕೆನ್ನೆಗೆ ಚುಚ್ಚಬಾರದು.

ಆ ಸೀರೆ ನೋಡಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಕನ್ನಡಕ. ಅದರ ಎರಡೂ ಕಡ್ಡಿಗಳಿಗೆ ಬಲೆ ಹೆಣೆಯುವ ನೀಲಿ ನೈಲಾನ್ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು. ಮಲ್ಪೆಯ ದೋಣಿಗೆ ಹೋಗುವವರೊಬ್ಬರ ಮಗಳು ಕಟ್ಟಿಕೊಟ್ಟದ್ದು. ಅವರ ಸೊಸೆ ಚಿನ್ನದ ಬಣ್ಣದ ಸರಪಣಿ ತಂದುಕೊಟ್ಟರೂ ಬದಲಿಸಲಿಲ್ಲ. "ಇದು ಉಪ್ಪುನೀರಿಗೇ ಹೆದರದ ದಾರ. ನನ್ನ ಬೆವರಿಗೆ ಹೆದರ್ತದಾ?" ಎನ್ನುತ್ತಿದ್ದರು.

ಟೀಚರ್ ಎಂದು ಊರೇ ಕರೆಯುತ್ತಿತ್ತು, ಆದರೆ ಅವರು ಒಂದು ದಿನವೂ ಶಾಲೆಯಲ್ಲಿ ಕಲಿಸಿದವರಲ್ಲ. ಇಡೀ ಆಯುಷ್ಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತವರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಅಲ್ಲಿಯೇ ನಾಲಿಗೆಗೆ ಹತ್ತಿದ್ದು. ನಿವೃತ್ತಿಯಾಗಿ ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಆ ಮನೆಗೊಂದು ಕಾರ್ ಶೆಡ್ಡು ಇತ್ತು, ಕಾರು ಇರಲಿಲ್ಲ. ಹಿಂದಿನ ಖಾಲಿ ಗದ್ದೆಯಲ್ಲಿ ಕಟ್ಟಡ ಕೆಲಸದವರ ತಗಡಿನ ಮನೆಗಳಿದ್ದವು. ಶಾಲೆ ಮುಗಿಸಿ ಬಂದ ಮಕ್ಕಳು ಅಪ್ಪ ಅಮ್ಮ ಬರುವವರೆಗೆ ಜಲ್ಲಿ ರಾಶಿಯ ಮೇಲೆ ಕೂತಿರುತ್ತಿದ್ದವು. ಒಂದು ಸಂಜೆ ಇವರು ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದರು: "ನಿಮ್ಮ ಕೈಯಲ್ಲಿ ಅವಲಕ್ಕಿ ಉಂಟು. ನನ್ನ ಕೈಯಲ್ಲಿ ಮಗ್ಗಿ ಉಂಟು. ಶುರು ಮಾಡುವನಾ?"

ನಾನು ಎಂತ ಏನು ಎಂದು ಕೇಳುವುದರೊಳಗೆ ಶೆಡ್ಡಿನಲ್ಲಿ ಚಾಪೆ ಹಾಸಿಯಾಗಿತ್ತು.

ಅವರ ಪದ್ಧತಿ ಇಷ್ಟೇ. ಬಂದವರು ಮೊದಲು ಕಾಲು ತೊಳೆಯಬೇಕು, ಆಮೇಲೆ ತಿನ್ನಬೇಕು, ಆಮೇಲೆಯೇ ಪುಸ್ತಕ. ಸಂಬಳ ಇಲ್ಲ, ಫೀಸೂ ಇಲ್ಲ. ಹೊಡೆತವಂತೂ ಇಲ್ಲವೇ ಇಲ್ಲ. ಒಂದು ಮಗುವಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಕಾಯುವರು. ಹಿಂದಿನಿಂದ ಯಾರಾದರೂ ಉತ್ತರ ಊದಿದರೆ ಮಾತ್ರ ಸಿಟ್ಟು ಬರುತ್ತಿತ್ತು. "ಯಾರದು ನಡುವೆ ಬರುವುದು? ಲೈನ್ ಹೋಗ್ತಾ ಉಂಟು, ಕಟ್ ಮಾಡ್ಬೇಡಿ!" ಮಗು ತಡವರಿಸುತ್ತ ನಿಂತಿರುತ್ತಿತ್ತು, ಇವರು ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿರುತ್ತಿದ್ದರು. ನನಗೋ ಒಲೆಯ ಮೇಲಿಟ್ಟ ಹಾಲಿನ ಚಿಂತೆ. ಕೊನೆಗೂ ಉತ್ತರ ಬಂದಾಗ "ಹಾಂ, ಸಿಕ್ಕಿತು" ಎಂದಷ್ಟೇ ಹೇಳುವರು. ಹೊಗಳಿಕೆಯಲ್ಲಿ ಬಹಳ ಜಿಪುಣಿ. ಆ "ಸಿಕ್ಕಿತು" ಕೇಳಲಿಕ್ಕೆ ಮಕ್ಕಳು ಓಡಿ ಬರುತ್ತಿದ್ದವು.

ಹಾಗೆ ಬರುತ್ತಿದ್ದವಳು ರೇಣುಕಾ. ಆರನೆಯ ಕ್ಲಾಸು, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದ ಮನೆಯವಳು. ಲೆಕ್ಕದಲ್ಲಿ ತೀರಾ ಹಿಂದೆ ಇದ್ದವಳು ಆಗಷ್ಟೇ ಹತ್ತಿ ಬರುತ್ತಿದ್ದಳು. ಇದ್ದಕ್ಕಿದ್ದಂತೆ ಬರುವುದು ನಿಂತಿತು. ವಿಚಾರಿಸಿದರೆ, ತಾಯಿ ಮಣಿಪಾಲದ ಫ್ಲ್ಯಾಟುಗಳಿಗೆ ಸಂಜೆಯ ಮನೆಗೆಲಸಕ್ಕೆ ಮತ್ತೆ ಹೋಗತೊಡಗಿದ್ದಾಳೆ. ತಾಯಿ ತಿರುಗಿ ಬರುವವರೆಗೆ ಕೈಕೂಸನ್ನು ರೇಣುಕಾಳೇ ನೋಡಬೇಕು.

ಟೀಚರು ಮೊಣಕಾಲು ನೋವಿನಲ್ಲಿಯೇ ಗದ್ದೆ ದಾಟಿ ಹೋದರು. ನಾನೂ ಜೊತೆಗೆ ಹೋದೆ.

"ನೀವ್ ಹೇಳೂದು ಖರೇ ಐತ್ರಿ ಟೀಚರ್," ಎಂದಳು ತಾಯಿ, ಪಾತ್ರೆ ತಿಕ್ಕುತ್ತಲೇ. "ಆದ್ರ ಕೂಸಿನ್ನ ಯಾರ್ ನೋಡ್ಬೇಕ್ರಿ? ಈ ವರ್ಷ ಪಾಸಾದ್ರ ಚಲೋ ಆತು. ಇಲ್ಲಂದ್ರ ಸಾಲಿ ಬಿಡಸಿ ನನ್ ಜೋಡೀನ ಕೆಲಸಕ್ಕ ಕರ್ಕೊಂಡ್ ಹೋಗ್ತೀನಿ."

"ಕೂಸನ್ನೂ ಕಳಿಸು."

"ಕೂಸಿಗೇನು ಕಲಸ್ತೀರಿ?"

"ನಿದ್ದೆ ಮಾಡ್ಲಿಕ್ಕೆ ಕಲಿಸ್ತೇನೆ ಮಾರಾಯ್ತಿ!"

ತಾಯಿ ನಕ್ಕಳು, ಆದರೆ ಒಪ್ಪಲಿಲ್ಲ. ಪರರ ಕೈಗೆ ಹಸುಳೆಯನ್ನು ಕೊಡಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಟೀಚರು ಮರುದಿನವೂ ಹೋದರು, ಅದರ ಮರುದಿನವೂ. ಹೋಗಿ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂರುವುದು, ಕೂಸಿಗೆ ಕನ್ನಡಕದ ನೀಲಿ ದಾರ ಎಳೆಯಲು ಕೊಡುವುದು, ಬರುವುದು. ಒತ್ತಾಯದ ಮಾತಿಲ್ಲ. "ಎಷ್ಟು ದಿನ ಅಂತ ಹೋಗ್ತೀರಿ? ಅವಳು ಒಪ್ಪುವ ಹಾಗೆ ಕಾಣುವುದಿಲ್ಲ" ಎಂದೆ ನಾನು.

"ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಜನ ಇಡೀ ದಿನ ಕಾಯ್ತಿದ್ರು. ಇದು ಹಿಂದಿನ ಗದ್ದೆ ಅಲ್ವಾ? ಸಿಗ್ತದೆ."

ಅಷ್ಟರಲ್ಲಿ ಅವರು ತಮ್ಮ ಕಾಫಿ ಬಣ್ಣದ ಸೀರೆಯನ್ನು ಶೆಡ್ಡಿನ ಕಬ್ಬಿಣದ ಪೈಪಿಗೆ ಜೋಲಿ ಕಟ್ಟಿ, ಒಳಗೆ ತೆಂಗಿನಕಾಯಿಗಳನ್ನು ಹಾಕಿ ತೂಗಿ ನೋಡುತ್ತಿದ್ದರು. ಒಂದು ಸಂಜೆ ರೇಣುಕಾಳ ತಾಯಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ತಲೆಯೆತ್ತಿ ಗಂಟನ್ನು ನೋಡಿದಳು. ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

"ಇದು ಗಂಟೇನ್ರಿ ಟೀಚರ್? ಕುಂಬಳಕಾಯಿ ಹಾಕಿದ್ರೂ ಬೀಳ್ತೈತಿ. ಇವನ್ನ ಹಿಡ್ಕೋರಿ."

ಕೂಸು ಟೀಚರ ಕೈಗೆ ಬಂತು. ಅವಳು ಸ್ಟೂಲ್ ಹತ್ತಿ, ಗಂಟು ಬಿಚ್ಚಿ, ಎರಡು ಸುತ್ತು ಹಾಕಿ ಹೊಸದಾಗಿ ಬಿಗಿದು, ತಾನೇ ಜೋತುಬಿದ್ದು ನೋಡಿದಳು. ಇಳಿದವಳು ಕೂಸನ್ನು ತಿರುಗಿ ಕೇಳಲಿಲ್ಲ. "ಹೊತ್ತಾತು, ಬಸ್ಸು ಹೋಗ್ತೈತಿ" ಎಂದು ಹೊರಟೇಬಿಟ್ಟಳು. ಟೀಚರು ಬೇಕೆಂದೇ ಗಂಟನ್ನು ಸಡಿಲ ಕಟ್ಟಿದ್ದರೋ ಏನೋ, ನಾನು ಎಷ್ಟು ಕೇಳಿದರೂ ಹೇಳಲಿಲ್ಲ.

ಆ ಕೂಸಿನ ಹೆಸರು ಬಸು. ತೂಗುವ ಸರದಿ ಎಲ್ಲ ಮಕ್ಕಳಿಗೂ ಬಂತು. ತೂಗುವವರು ಮಗ್ಗಿ ಹೇಳಬೇಕು, ಉಳಿದವರು ದನಿಗೂಡಿಸಬೇಕು; ಜೋಗುಳವೂ ಅದೇ, ಪಾಠವೂ ಅದೇ. ಏಳೊಂದ್ಲೆ ಏಳು ಎಂದರೆ ತೊಟ್ಟಿಲು ಆಚೆ, ಏಳೆರಡ್ಲೆ ಹದಿನಾಲ್ಕು ಎಂದರೆ ಈಚೆ. ಅರ್ಧಕ್ಕೆ ಬರುವಾಗ ಬಸುವಿನ ಕಣ್ಣು ಮುಚ್ಚುತ್ತಿತ್ತು. ಆಗ ಟೀಚರು ತುಟಿಯ ಮೇಲೆ ಬೆರಳಿಡುವರು. ಉಳಿದ ಮಗ್ಗಿಯೆಲ್ಲ ಪಿಸುಮಾತಿನಲ್ಲಿ.

ಸ್ವಲ್ಪ ದಿನಗಳಲ್ಲಿ ಶಾಲೆಯ ಮಾಸ್ತರರೊಬ್ಬರು ಬೈಕು ನಿಲ್ಲಿಸಿ ಕೇಳಿದರು: "ಎಂತ ಟೀಚರೇ, ನಿಮ್ಮ ಮಕ್ಕಳಿಗೆ ಮಗ್ಗಿ ಚೆನ್ನಾಗಿ ಬರ್ತದೆ. ಆದ್ರೆ ಅರ್ಧದ ಮೇಲೆ ಎಲ್ಲರೂ ಪಿಸಪಿಸ ಅಂತಾರಲ್ಲ? ಆ ರೇಣುಕಾ ಅಂತೂ ನಿಂತಲ್ಲೇ ಓಲಾಡ್ತಾಳೆ!" ಟೀಚರು ತೊಟ್ಟಿಲ ಕಡೆ ಕೈ ತೋರಿಸಿ ನಕ್ಕದ್ದನ್ನು ನಾನು ಮರೆಯಲಾರೆ. ಕನ್ನಡಕ ಜಾರಿ ನೀಲಿ ದಾರದಲ್ಲಿ ನೇತಾಡುತ್ತಿತ್ತು, ಕಣ್ಣಲ್ಲಿ ನೀರು.

ರೇಣುಕಾ ಆ ವರ್ಷ ಪಾಸಾದಳು. ತಾಯಿ ಮತ್ತೆ ಶಾಲೆ ಬಿಡಿಸುವ ಮಾತು ಎತ್ತಲಿಲ್ಲ. ಈಗ ಅವಳು ಉಡುಪಿಯಲ್ಲಿ ಬಿ.ಕಾಂ. ಓದುತ್ತಾಳೆ. ಬಸು ಚಾಪೆಯ ಮೇಲೆ ಕೂರುವಷ್ಟು ದೊಡ್ಡವನಾಗಿದ್ದಾನೆ. ಉಳಿದವರು "ತೊಟ್ಟಿಲ ಬಸು" ಎಂದರೆ ಪೆನ್ಸಿಲ್ ಎಸೆಯುತ್ತಾನೆ.

ಹೋದ ಮಳೆಗಾಲ ಟೀಚರು ಹಾಸಿಗೆ ಹಿಡಿದರು. ಮಣಿಪಾಲದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಹೇಳಿಸಿಕೊಂಡು ಬಂದರು. ಶೆಡ್ಡಿನ ಕಡೆಯ ಕಿಟಕಿಯ ಬಳಿ ಮಂಚ ಹಾಕಿಸಿದರು. ಪಾಠ ನಿಲ್ಲಬಾರದೆಂದು ಹಟ. ರೇಣುಕಾ ಕಲಿಸುತ್ತಿದ್ದಳು. ಮಕ್ಕಳು, ಟೀಚರು ಮಲಗಿದ್ದಾರಲ್ಲ ಎಂದು, ಮಗ್ಗಿಯನ್ನು ಮೊದಲಿನಿಂದಲೇ ಪಿಸುಗುಟ್ಟಿದವು. ಒಳಗಿನಿಂದ ದನಿ ಬಂತು, ಹಳೆಯ ಎಕ್ಸ್‌ಚೇಂಜಿನ ಅದೇ ದನಿ: "ಎಂತ ಪಿಸಪಿಸ? ನಾನು ತೊಟ್ಟಿಲಲ್ಲಿ ಇಲ್ಲ. ಜೋರಾಗಿ ಹೇಳಿ, ಕೇಳುವುದಿಲ್ಲ!"

ಜೋರಾಗಿಯೇ ಹೇಳಿದರು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಮಕ್ಕಳು ಬರುವ ಮೊದಲೇ ಅವರು ಹೋಗಿಬಿಟ್ಟರು. ಅವಲಕ್ಕಿ ನೆನೆಸಿಟ್ಟಿದ್ದೆ. ಎಂತ ಮಾಡುವುದೆಂದು ತಿಳಿಯದೆ, ಅಳುತ್ತ ಬಂದ ಮಕ್ಕಳಿಗೆ ಕಾಲು ತೊಳೆಯಲು ಹೇಳಿ ಬಡಿಸಿದೆ. ಅವರ ಪದ್ಧತಿ ಅದಲ್ಲವೇ.

ನಾನು ಗಡಿಬಿಡಿಯ ಹೆಂಗಸಾಗಿದ್ದೆ. ಒಬ್ಬರ ಮಾತು ಮುಗಿಯುವವರೆಗೆ ಕೂತು ಕೇಳಲು ಬಂದದ್ದು ಅವರ ಪಕ್ಕದಲ್ಲಿ ಇದ್ದುದರಿಂದ. ಈಗ ಯಜಮಾನರು ಒಂದು ಶಬ್ದಕ್ಕೆ ತಡಕಾಡುವಾಗ ನಾನು ನಡುವೆ ಬಾಯಿ ಹಾಕುವುದಿಲ್ಲ. ಲೈನು ಹೋಗುತ್ತಿರುತ್ತದೆ.

ಇವತ್ತು ಆ ಸೀರೆಯನ್ನು ಮತ್ತೆ ಪೈಪಿಗೇರಿಸಿದೆವು. ಗದ್ದೆಯಲ್ಲಿ ಹೊಸದಾಗಿ ಬಂದ ಒಂದು ಸಂಸಾರದ ಹೆಂಗಸು ದೊಡ್ಡ ಮಗಳನ್ನೂ ಎಳೆಗೂಸನ್ನೂ ಕರೆತಂದಿದ್ದಳು. ಬೆಳಗಿನಿಂದ ಇಟ್ಟಿಗೆ ಹೊತ್ತ ಮೈ, ಕೂದಲಲ್ಲೆಲ್ಲ ಸಿಮೆಂಟು. ಕೂಸನ್ನು ಬಿಟ್ಟುಹೋಗಲು ಅವಳಿಗೂ ಧೈರ್ಯವಿಲ್ಲ. "ಕೂತು ನೋಡು ಅಕ್ಕ, ಅವಸರ ಇಲ್ಲ" ಎಂದಳು ರೇಣುಕಾ, ಗಂಟು ಬಿಗಿಯುತ್ತ. ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿದ ಅವಲಕ್ಕಿಯನ್ನು ಎಲ್ಲರೂ ತಿಂದರು; ಆ ಹೆಂಗಸು ಎರಡು ಸಲ ಹಾಕಿಸಿಕೊಂಡಳು. ತೂಗುವ ಸರದಿ ಬಸುವಿನದು. ಏಳೊಂದ್ಲೆ ಏಳು ಎಂದು ಶುರುಮಾಡಿದ. ಕೂಸು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಶೆಡ್ಡಿನ ಹಂಚು ನೋಡುತ್ತಲೇ ಇತ್ತು. ಮೊದಲು ನಿದ್ದೆ ಹೋದದ್ದು ತಾಯಿ, ಕಂಬಕ್ಕೆ ಒರಗಿ, ಕೈಯಲ್ಲಿ ಖಾಲಿ ತಟ್ಟೆ ಹಿಡಿದೇ. ಬಸು ಅದನ್ನು ನೋಡಿದ. ತುಟಿಯ ಮೇಲೆ ಬೆರಳಿಟ್ಟ. ಏಳ್ಮೂರ್ಲೆಯಿಂದ ಮುಂದಿನದ್ದನ್ನು ಮಕ್ಕಳೆಲ್ಲ ಪಿಸುಮಾತಿನಲ್ಲಿ ಹೇಳಿದರು.