ಬಾಯಿಗೆ ಬಾರದ ಬಾವಿಯ ಹೆಸರು

ಆಗ ನನಗೆ ಅರವತ್ತೊಂಬತ್ತು. ನಾಲ್ಕು ವರ್ಷದ ಹಿಂದಿನ ಮಾತು. ಬಾಗಲಕೋಟೆಯ ಕಾಲೇಜಿನಲ್ಲಿ ಕಲಿಸುವ ಹುಡುಗಿಯೊಬ್ಬಳು ಹುನಗುಂದದಿಂದ ಬಸ್ಸು ಹಿಡಿದು ನಮ್ಮ ಊರಿಗೆ ಬಂದಳು. ಹುನಗುಂದದಲ್ಲಿ ಅವಳ ಗಂಡನ ಮನೆ. ರಜೆಗೆ ಬಂದವಳು ಸುಮ್ಮನೆ ಕೂಡದೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಕೂಡಿಸುತ್ತ ತಿರುಗುತ್ತಿದ್ದಳು. ಮನುಷ್ಯರ ಹೆಸರಲ್ಲ, ಜಾಗದ ಹೆಸರು. ಇಡೀ ಜಗತ್ತಿನ ಜಾಗಗಳ ಹೆಸರಿರುವ ಒಂದು ಪಟ್ಟಿ ಕಂಪ್ಯೂಟರಿನಲ್ಲಿ ತಯಾರಾಗುತ್ತಿದೆಯಂತೆ. ನಮ್ಮ ಭಾಗದ್ದನ್ನು ತುಂಬುವ ಕೆಲಸ ಇವಳ ಪಾಲಿಗೆ ಬಂದಿತ್ತು.

ನಮ್ಮ ಕಟ್ಟೆಯ ಮೇಲೆ ಕುಳಿತು ಮೊಬೈಲ್ ತೆಗೆದಳು. ನಾನು ಸೇಂಗಾ ಸುಲಿಯುತ್ತಿದ್ದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮಗ್ಗುಲಲ್ಲಿ ಕುಳಿತಿದ್ದಳು.

“ಆಯಿ, ನಿಮ್ಮೂರಾಗ ಯಾವ್ಯಾವ ಜಾಗಾಕ್ಕ ಏನೇನ್ ಅಂತೀರಿ, ಹೇಳ್ರಿ.”

ಹೇಳುತ್ತ ಹೋದೆ. ನಮ್ಮಲ್ಲಿ ಒಂದೊಂದು ಹೊಲಕ್ಕೂ ಹೆಸರಿದೆ. ಹುಣಸಿಪಟ್ಟಿ, ದೊಡ್ಡ ಎರಿ, ಹಳ್ಳದ ತುಂಡು. ಹೊಲದಿಂದ ಹೊಲಕ್ಕೆ ಹೋಗುವಾಗ ಎತ್ತು ಕುಂತ ದಿಬ್ಬ, ಮೂರು ಬನ್ನಿ, ಜಾರಗಲ್ಲು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದರೆ ಈ ಹೆಸರುಗಳು ಕಾಲಿಗೆ ಗೊತ್ತಿದ್ದವು. ಅವಳ ಬೆರಳು ನನ್ನ ಬಾಯಿಯಷ್ಟು ಜೋರಾಗಿ ಓಡಲಿಲ್ಲ.

“ಸಾಕ್ ಸಾಕ್ರಿ ಆಯಿ! ಊರು, ಗುಡ್ಡ, ಹಳ್ಳ, ಕೆರಿ, ಇವು ಬೇಕೇ ಬೇಕು. ಹೊಲ, ಗಿಡ, ಬಾವಿ ಎಷ್ಟು ಹಾಕ್ಬೇಕು, ಎಷ್ಟು ಬಿಡಬೇಕು ಅಂತ ನಾ ನೋಡಬೇಕಾಗತೈತಿ. ಎಲ್ಲಾ ತುಂಬಿದ್ರ ಯಾರಿಗೂ ಏನೂ ಸಿಗಂಗಿಲ್ಲ.”

“ಬಾದಾಮಿ ಹಾಕೀಯೇನು?”

“ಹಾಕದ ಬಿಡ್ತಾರೇನ್ರಿ? ಬಾದಾಮಿ ಗುಡ್ಡ, ಕೆರಿ, ಗವಿ ಎಲ್ಲಾ ಯಾವಾಗೋ ಆಗ್ಯಾವ.”

“ಬಾದಾಮಿ ಎಲ್ಲಾರಿಗೂ ಗೊತ್ತೈತಿ. ಗೊತ್ತಿದ್ದದ್ದನ್ನ ಬರಕೊಂಡ್ ಕುಂತೀಯಲ್ಲ, ಎಂಥಾ ಸಾಲಿ ಅಕ್ಕೋರವಾ ನೀ.”

ಅವಳು ನಕ್ಕಳು. ಅಷ್ಟರಲ್ಲಿ ನೆಗೆಣ್ಣಿ ಬಾಯಿ ಹಾಕಿ, “ಚರಗಿ ದಿನ್ನಿ ಬಿಟ್ಟೆಲ್ಲ ಯಕ್ಕಾ,” ಅಂದಳು. ಹುಡುಗಿ ಅದನ್ನೂ ಒತ್ತಿಕೊಂಡು, ಆ ಹೆಸರು ಯಾಕೆ ಬಂತೆಂದು ಕೇಳಿದಳು.

“ಮನ್ಯಾಗ ಪಾಯಖಾನಿ ಇಲ್ಲದಾಗ ಹೆಣ್ಮಕ್ಕಳು ಚರಗಿ ಹಿಡ್ಕೊಂಡು ಎಲ್ಲಿಗೆ ಹೋಗ್ತಿದ್ರು ಅಂತ ಮಾಡೀ?” ಅಂದೆ. “ಅಳಿಸ್ ಅದನ್ನ. ದೂರದೇಶದಾಂವ ಯಾವನರೆ ಓದಿ ನೋಡಾಕ ಬಂದಾನು.”

ಅಳಿಸಿದಳು. ಏನು ಹಾಕಬೇಕು, ಏನು ಬಿಡಬೇಕು ಅನ್ನುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನನಗೆ ಆಗ ಅನ್ನಿಸಿತ್ತು. ಬಾವಿಯ ಮಾತು ಬಂದದ್ದು ಅದರ ಬೆನ್ನಿಗೇ.

ಹಳ್ಳದ ತುಂಡಿನಲ್ಲಿ ಒಂದು ಬಾವಿಯಿದೆ. ನನ್ನ ಮದುವೆಯಾದ ಮೂರನೇ ವರ್ಷ ನನ್ನ ಗಂಡ ಅದನ್ನು ತೋಡಿದರು. ಅಲ್ಲಿ ನೀರಿಲ್ಲ ಎಂದು ಮಾವ ಹೇಳಿದರು, ಊರು ನಕ್ಕಿತು. ಇವರು ಹಾರೆ ಕೆಳಗಿಡಲಿಲ್ಲ. ಕೆಂಪುಗಲ್ಲು ಒಡೆದು ಹದಿನಾಲ್ಕು ಮೆಟ್ಟಿಲು ಇಳಿದ ಮೇಲೆ ಸಿಹಿನೀರು ಬಂತು. ಆವತ್ತಿನಿಂದ ಮಂದಿ ಅದನ್ನು ಅವರ ಹೆಸರಿನಿಂದ ಕರೆದರು. ನಾನೊಬ್ಬಳು ಕರೆಯಲಿಲ್ಲ. ಗಂಡನ ಹೆಸರು ಬಾಯಿಂದ ಅನ್ನಬಾರದು, ಹಾಗೆ ಬೆಳೆದವಳು ನಾನು. ಮದುವೆಯಲ್ಲಿ, ಬಸುರಿಯಾದಾಗಿನ ಕುಬಸದಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ ಒಡಪು ಕಟ್ಟಿ, ಎರಡು ಸಾಲಿನ ಹಾಡಿನ ನಡುವೆ ಹೆಸರು ತೂರಿಸಿ ಹೇಳಿದ್ದುಂಟು. ಅದು ಬಿಟ್ಟರೆ ‘ಏನ್ರಿ’, ‘ಕೇಳಿಸ್ತೇನ್ರಿ’. ಹೊಲದಲ್ಲಿ ದೂರ ಇದ್ದರೆ ತಾಮ್ರದ ಕೊಡವನ್ನು ಬಾವಿಯ ಕಲ್ಲಿಗೆ ಎರಡು ಸಲ ಬಡಿಯುತ್ತಿದ್ದೆ. ಕುಂಟಿ ಹೊಡೆಯುವುದನ್ನು ನಿಲ್ಲಿಸಿ ಬರುತ್ತಿದ್ದರು.

ಅವರು ಹೋದ ಮೇಲೂ ಆ ಹೆಸರು ಹೊಲದಲ್ಲಿ ಉಳಿದಿತ್ತು. ಕಳೆ ತೆಗೆಯಲು ಬಂದ ಹೆಣ್ಣಾಳುಗಳು ‘ಬುತ್ತಿ ಎಲ್ಲಿ ಬಿಚ್ಚೂಣು?’ ಅಂದರೆ ಒಬ್ಬಳು ಅವರ ಹೆಸರು ಹೇಳಿ, ಆ ಬಾವಿಯ ಕಡೆ ನಡೀರಿ ಅನ್ನುತ್ತಿದ್ದಳು. ನಾನು ಕಳೆ ಕೀಳುವ ಕುರ್ಚಿಗಿ ನಿಲ್ಲಿಸಿ ಕೇಳುತ್ತಿದ್ದೆ. ಆಮೇಲೆ ಬೋರು ಬಂತು. ಬಾವಿಗೆ ಯಾರೂ ಇಳಿಯದೆ ಅದರಲ್ಲಿ ಜಾಲಿ ಬೆಳೆಯಿತು. ಈಗಿನ ಹುಡುಗರಿಗೆ ಅದು ‘ಹಾಳಬಾವಿ’. ನಾನು ಅವರ ಹೆಸರು ಕೇಳಿ ಎಷ್ಟೋ ವರ್ಷವಾಗಿತ್ತು. ಕೇಳಬೇಕು ಅಂತ ಆಸೆಯಿತ್ತು. ಆದರೆ ಯಾರನ್ನು ಹಿಡಿದು, ನನ್ನ ಗಂಡನ ಹೆಸರು ಹೇಳು ಎಂದು ಕೇಳಲಿ?

ಹುಡುಗಿ ಬರೆದುಕೊಂಡದ್ದನ್ನು ಓದಿ ತೋರಿಸಿದಳು. ಹುಣಸಿಪಟ್ಟಿ, ದೊಡ್ಡ ಎರಿ, ಹಳ್ಳದ ತುಂಡು, ‘ಅವರ ಬಾವಿ’.

“ಯಾರ ಬಾವಿ?” ಅಂದೆ.

“ನೀವ ಅಂದ್ರೆಲ್ಲ, ಅವರ ಬಾವಿ ಅಂತ. ಈ ಆಯಿ ಭಾವಾರ ಬಾವಿ ಅಂದ್ರು. ನಾ ನಿಮ್ಮದನ್ನ ಬರಕೊಂಡೆ.”

ನೆಗೆಣ್ಣಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳಿಗೆ ಅವರು ಭಾವ, ಅವಳೂ ಹೆಸರು ಹೇಳುವ ಹಾಗಿರಲಿಲ್ಲ. ಹುಡುಗಿಗೆ ತಿಳಿಯಲು ಹೊತ್ತು ಹಿಡಿಯಿತು. ಅವಳೋ ನಮ್ಮ ಕಟ್ಟೆಯ ಮೇಲಿಂದಲೇ ತನ್ನ ಗಂಡನಿಗೆ ಫೋನ್ ಮಾಡಿದಾಗ ಹೆಸರು ಹಿಡಿದೇ ಮಾತಾಡಿದ್ದಳು.

“ಹಂಗಾರ ಖರೆ ಹೆಸರು ಹೇಳ್ರಿ.”

“ರೇಶನ್ ಕಾರ್ಡಿನ್ಯಾಗ ಐತಿ, ನೋಡ್ಕೊ.”

“ಬರದದ್ದು ನಡಿಯಂಗಿಲ್ರಿ. ಸಣ್ಣ ಜಾಗಾ ಹಾಕ್ಬೇಕಂದ್ರ, ಅಲ್ಲೇ ದುಡಿದೋರು, ಇನ್ನೂ ಅಲ್ಲೇ ಇರೋರು ಒಬ್ಬರರೆ ಬಾಯಿಂದ ಅನ್ನಬೇಕು. ಅದನ್ನ ರೆಕಾರ್ಡ್ ಮಾಡಿ ಕಳಸಬೇಕು.”

ಆ ಹೊಲದಲ್ಲಿ ದುಡಿದವರ ಪೈಕಿ, ನಮ್ಮಿಬ್ಬರನ್ನು ಬಿಟ್ಟರೆ, ಈಗ ಊರಲ್ಲಿ ಉಳಿದವನು ಎದುರು ಮನೆಯ ಮುದುಕನೊಬ್ಬನೇ; ಅವನನ್ನು ಕರೆದೆವು. ಇವರ ಬಾಲ್ಯದ ಗೆಳೆಯ, ಬಾವಿಯ ಮಣ್ಣು ಹೊತ್ತವನು, ಕಿವಿ ಮಂದ. ಹುಡುಗಿ ಕೂಗಿ ಕೇಳಿದಳು. ಅವನು ಅಷ್ಟೇ ಜೋರಾಗಿ, “ಗಿಡ್ಡನ ಬಾವಿ!” ಅಂದ.

“ಅದು ಅಡ್ಡಹೆಸರು ಅಜ್ಜಾ. ಖರೆ ಹೆಸರು?”

“ಐವತ್ ವರ್ಷ ಗಿಡ್ಡ ಅಂದೇನಿ. ಈಗ ಬ್ಯಾರೆ ಅಂದ್ರ ಅಂವಗ ಗುರ್ತ ಸಿಗಂಗಿಲ್ಲ. ಬರಕೋ, ಗಿಡ್ಡನ ಬಾವಿ.”

ಅವರು ಗಿಡ್ಡ ಇದ್ದದ್ದು ಖರೆ. ನನಗಿಂತ ನಾಲ್ಕು ಬೆರಳು ಕಡಿಮೆ. ಅದಕ್ಕೇನು ಈಗ? ಆದರೆ ಜಗತ್ತಿಗೆಲ್ಲ ಅದೊಂದೇ ಉಳಿಯುವುದು ನನಗೆ ಸರಿ ಬರಲಿಲ್ಲ.

“ಇವರದ ಹಾಕಲೇನ್ರಿ, ಬಾವಿನೇ ಬಿಡಲಿ?” ಹುಡುಗಿ ಕೇಳಿದಳು. “ನಾಳೆ ಮುಂಜಾನಿ ಹತ್ತಕ್ಕ ಕಳಸಬೇಕು. ಆಯಿ, ಒಂದು ಒಡಪ ಹಾಕಿ ಹೇಳಿಬಿಡ್ರಿ. ಹಂಗ ಹೇಳಿದ್ರ ನಡೀತೈತೆಲ್ಲ?”

“ಒಡಪ ಮುತ್ತೈದೇರು ಹೇಳೋದವಾ. ನನಗ ಯಾರ್ ಬಾಗಲಾ ಕಟ್ಟಿ ಕೇಳ್ತಾರ?”

ಬಾಯಿ ತೆರೆದದ್ದೂ ಹೌದು. ನಾಲಿಗೆ ಮೊದಲ ಅಕ್ಷರಕ್ಕೆ ಹೋಗಿ ನಿಂತಿತು. ನೆಗೆಣ್ಣಿ ನನ್ನ ಮುಖ ನೋಡುತ್ತಿದ್ದಳು. ಮುದುಕ ಏನಾಯಿತೆಂದು ಕೇಳುತ್ತಿದ್ದ. ನಾನು ಮೊರ ಎತ್ತಿಕೊಂಡು ಒಳಗೆ ಹೋದೆ. ಹುಡುಗಿ ಚಹಾ ಕುಡಿದು, ಬಾವಿಯ ಜಾಗ ಖಾಲಿ ಬಿಟ್ಟು, ಸಂಜೆಯ ಬಸ್ಸಿಗೆ ಹೋದಳು.

ಹೋದ ಮೇಲೆ ಸಿಟ್ಟು ಬಂತು, ನನ್ನ ಮೇಲೇ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಕಲಿಸಿದ್ದಳು. ಒಡಪಿನ ಹೊರತು ಒಮ್ಮೆಯೂ ಹೇಳಲಿಲ್ಲ. ಅವರು ಐವತ್ತೆಂಟಕ್ಕೇ ಹೋದರು. ಇನ್ನು ಕಡಿಮೆಯಾಗುವುದು ಏನಿದೆ? ನೆಗೆಣ್ಣಿಗೆ ಹಾಗೇ ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಿನಗ ಹೇಳಬೇಕನಿಸೇತಿ, ಹೌದಿಲ್ಲೋ?” ಅಂದಳು. ಹೌದೆಂದೆ. “ಹಂಗಾರ ಇಲ್ಲಿ ಹೇಳಬ್ಯಾಡಾ. ನಾ ಕೇಳಿದ್ರ ಅಳ್ತೇನಿ. ಎಲ್ಲಿಯರೆ ಹೋಗಿ ಹೇಳು,” ಅಂದು ಮತ್ತೆ ಬಡಿಯತೊಡಗಿದಳು.

ಮರುದಿನ ಮುಂಜಾನೆ ಇಳಕಲ್ಲಿನಿಂದ ಬರುವ ಮೊದಲ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ಹುಡುಗಿಯ ಮನೆ ಕೇಳಿಕೊಂಡು ಹೋಗಿ ಬಾಗಿಲು ಬಡಿದೆ. ತಲೆ ಎರೆದುಕೊಂಡು, ಕೂದಲಿಗೆ ಟಾವೆಲ್ ಸುತ್ತಿಕೊಂಡೇ ಬಂದಳು. ಒಳಗೆ ಬರ್ರಿ ಅಂದಳು. ಒಲ್ಲೆ, ಮೊದಲು ಮೊಬೈಲ್ ತೆಗಿ ಅಂದೆ. ಅಂಗಳದಲ್ಲಿ ನಿಂತು, ಒಡಪು ಇಲ್ಲದೆ, ಗಂಡನ ಹೆಸರು ಹೇಳಿ ಬಾವಿ ಅಂದೆ. ಹಾದಿಯಲ್ಲಿ ಟ್ರ್ಯಾಕ್ಟರು ಹೋಯಿತು, ಸದ್ದು ಕೂಡಿಕೊಂಡಿತು, ಇನ್ನೊಮ್ಮೆ ಹೇಳ್ರಿ ಅಂದಳು. ಹೇಳಿದೆ. ಸಾಕ್ರಿ, ಬಂತು ಅಂದು ಅವಳು ಮೊಬೈಲ್ ಇಳಿಸಿದಳು. ನಾನು ಮತ್ತೊಮ್ಮೆ ಹೇಳಿದೆ, ಈ ಸಲ ಬಾವಿ ಬಿಟ್ಟು.