ಡಾಕ್ಟರು ‘ತಲುಪಿದರು’, ಎಮ್ಮೆಯ ಹತ್ತಿರಕ್ಕಲ್ಲ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಸೋಲಾಪುರದ ಹಳೆಯ ಪೇಟೆಯ ಓಣಿಯೊಂದರಲ್ಲಿ, ದನದ ಹಿಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಪ್ರಾಜಕ್ತಾ ಬಿರಾಜದಾರ ಕಿಟಕಿ ತೆರೆದು, ಕುರ್ಚಿ ಎಳೆದುಕೊಂಡು ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ. ವಳಸಂಗದಿಂದ ಮೊದಲ ಎಸ್ಟಿ ಬಸ್ಸಿಗೆ ಬಂದವರು. ಚಹಾ ಇನ್ನೂ ಬಂದಿಲ್ಲ, ಫೋನು ಬಂದೇಬಿಟ್ಟಿದೆ.

“ಯಕ್ಕಾ, ಎಮ್ಮಿ ಈಯಾಕತ್ತೈತಿ. ಒಂದ ಕಾಲು ಹೊರಗ ಬಂದೈತಿ, ತಲಿ ಬರವಲ್ದು.” ಅಕ್ಕಲಕೋಟ ತಾಲೂಕಿನ ಕರಜಗಿಯಿಂದ ಸುಮಿತ್ರಾಬಾಯಿ ಮಾತಾಡುತ್ತಿದ್ದಾರೆ.

“ಅಂಜಬ್ಯಾಡ್ರಿ ಅವ್ವಾ. ಯಾರೂ ಕೈ ಹಾಕಿ ಜಗ್ಗಬ್ಯಾಡ್ರಿ. ನೀವು ಊರಾಗಿದ್ದೀರೋ, ಹೊಲದ ವಸ್ತಿ ಮ್ಯಾಲೋ?”

“ವಸ್ತಿ ಮ್ಯಾಲರೀ. ಪಾಟೀಲರ ಬಾವಿ ದಾಟಿ, ಹಳ್ಳದ ಆಚಿ.”

“ಹಳ್ಳದಾಗ ನೀರೆಷ್ಟು? ಮೋಟರ್‌ಸೈಕಲ್ ದಾಟತೈತೇನು?”

“ಮೊಣಕಾಲ ಮಟ ಅದಾವ್ರಿ.”

“ಹಂಗಾರ ಡಾಕ್ಟರ್ ಗಾಡಿ ಈಚಿ ದಂಡಿಗೆ ಬಿಡ್ತಾರ. ನಿಮ್ಮ ಮೈದುನಗ ಹೇಳ್ರಿ, ಅಲ್ಲೇ ಬೇವಿನ ಗಿಡದ ಬುಡಕ ನಿಂದರ್ಲಿ. ಹೆಗಲ ಮ್ಯಾಲ ಕೆಂಪು ಟಾವೆಲ್ ಹಾಕ್ಕೊಳ್ಳಿ, ಗುರ್ತು ಸಿಗ್ಲಿ.”

“ಅಂವಂದು ಕೆಂಪು ಎಲ್ಲಿ ಉಳದೈತ್ರಿ ಯಕ್ಕಾ, ತೊಳದ ತೊಳದ ಬಣ್ಣ ಹೋಗೇತಿ.”

“ಬಣ್ಣ ಹೋದದ್ದ ಹಾಕ್ಕೊಳ್ಳಿ, ನಡೀತೈತಿ!”

ಇಷ್ಟರಲ್ಲಿ ಪ್ರಾಜಕ್ತಾ ಅವರ ಮುಂದಿನ ಪರದೆಯ ಮೂಲೆಯಲ್ಲಿ ಗಡಿಯಾರವೊಂದು ಕೆಂಪಾಗಿ ಮಿನುಗತೊಡಗಿದೆ. ಮಾತು ಮೂರು ನಿಮಿಷ ದಾಟಿದರೆ ಅದು ಕೆಂಪಾಗುತ್ತದೆ. ಆ ಕಡೆ ಒಂದು ಜೀವ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದೆ. ಈ ಕಡೆ ಯಂತ್ರ ಈ ಹೆಂಗಸಿಗೆ ‘ನೀನು ನಿಧಾನ’ ಎನ್ನುತ್ತಿದೆ. ಅವರು ಅದರತ್ತ ನೋಡುವುದೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಬಾವಿ, ಹಳ್ಳ, ಬೇವಿನ ಗಿಡ, ಟವೆಲ್ಲು ಎಲ್ಲ ಹೇಳಿ ಮುಗಿಸುವಾಗ ಹದಿನಾಲ್ಕು ನಿಮಿಷವಾಗಿದೆ.

‘ಗೋಠಾ ಸಾಥಿ’ ಎಂಬುದು ದನದ ಡಾಕ್ಟರನ್ನು ಮನೆಗೆ ಕರೆಸುವ ಆ್ಯಪ್. ಅದನ್ನು ಕಟ್ಟಿ, ತಿದ್ದಿ, ಹದಿನೈದು ದಿನಕ್ಕೊಮ್ಮೆ ಹೊಸದೇನಾದರೂ ಸೇರಿಸುವ ಒಂಬತ್ತು ಮಂದಿಯ ತಂಡ ಇದೇ ಮಹಡಿಯ ಒಳಗಿನ ಕೋಣೆಯಲ್ಲಿ ಕೂರುತ್ತದೆ. ಆ್ಯಪ್ ಒತ್ತಲು ಬಾರದವರಿಗಾಗಿ ಇರುವುದು ಹೊರಗಿನ ಈ ಒಂದು ಕುರ್ಚಿ, ಈ ಒಂದು ಫೋನು. ಐದು ತಿಂಗಳ ಹಿಂದೆ ಇದನ್ನು ಮುಚ್ಚಿಬಿಡಲು ಹೊರಟಿದ್ದರು. ಕಾರಣ, ಲೆಕ್ಕದಲ್ಲಿ ಇದು ದಂಡ ಎಂದು ಬರುತ್ತಿತ್ತು.

ಆ ಲೆಕ್ಕ ಹೇಗಿತ್ತೆಂದು ಓದುಗರು ತಿಳಿಯಬೇಕು. ಒಳಗಿನ ಗೋಡೆಯ ಮೇಲೆ ದೊಡ್ಡದೊಂದು ಪರದೆ. ಫೋನು ಬಂದ ನಾಲ್ಕು ನಿಮಿಷದೊಳಗೆ ಡಾಕ್ಟರನ್ನು ಗೊತ್ತುಮಾಡಿದ್ದೇವೆಯೇ? ಹೌದು. ಮಾತು ಮೂರು ನಿಮಿಷದಲ್ಲಿ ಮುಗಿಯಿತೇ? ಇಲ್ಲ, ಪ್ರಾಜಕ್ತಾ ಅವರದು ಸದಾ ಕೆಂಪು. ಈ ಹದಿನೈದು ದಿನದಲ್ಲಿ ಹೊಸದೆಷ್ಟು ಸೇರಿಸಿದೆವು? ಏಳು. ಡಾಕ್ಟರು ಒಂದು ತಾಸಿನೊಳಗೆ ‘ತಲುಪಿದೆ’ ಗುಂಡಿ ಒತ್ತಿದರೇ? ನೂರಕ್ಕೆ ತೊಂಬತ್ತಾರು. ಈ ತೊಂಬತ್ತಾರಕ್ಕೆ ತಂಡಕ್ಕೊಂದು ಟ್ರೋಫಿಯೂ ಸಿಕ್ಕಿತ್ತು.

ಆದರೆ ಡಾಕ್ಟರು ತಲುಪುತ್ತಿದ್ದುದು ಎಲ್ಲಿಗೆ? ತಂಡದವರು ಆ್ಯಪಿಗೆ ಹಾಕಿದ್ದು ಸರಕಾರಿ ಪಟ್ಟಿಯ ಊರಿನ ಹೆಸರು. ನಕ್ಷೆಯಲ್ಲಿ ಊರೆಂದರೆ ಎಸ್ಟಿ ಸ್ಟ್ಯಾಂಡು. ಈ ಸೀಮೆಯಲ್ಲಿ ದನ ಕಟ್ಟುವುದು ಊರಲ್ಲಲ್ಲ, ಹೊಲದ ನಡುವಿನ ವಸ್ತಿಯಲ್ಲಿ, ಊರಿಂದ ಎರಡೋ ಮೂರೋ ಮೈಲಿ ಆಚೆ. ಆ ತಂಡದ ಅರ್ಧ ಮಂದಿ ಇಂಥ ವಸ್ತಿಗಳಲ್ಲೇ ಹಾಲು ಕುಡಿದು ಬೆಳೆದವರು. ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಅದನ್ನು ಮರೆತರು. ತಾಸಿನೊಳಗೆ ಗುಂಡಿ ಒತ್ತದಿದ್ದರೆ ಡಾಕ್ಟರಿಗೆ ಮುಂದಿನ ಕರೆ ಸಿಗುವುದಿಲ್ಲ. ಅವರೇನು ಮಾಡಿಯಾರು? ಸ್ಟ್ಯಾಂಡಿನಲ್ಲಿ ಗುಂಡಿ ಒತ್ತುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ, ದಾರಿ ತಿಳಿಯದೆ ಹಿಂದಿರುಗುತ್ತಾರೆ. ಯಂತ್ರ ‘ಗ್ರಾಹಕರು ಸಿಗಲಿಲ್ಲ’ ಎಂದು ಬರೆದು ಕಡತ ಮುಚ್ಚುತ್ತದೆ. ತೊಂಬತ್ತಾರು ತೊಂಬತ್ತಾರಾಗಿಯೇ ಉಳಿಯುತ್ತದೆ. ಎಮ್ಮೆ ಉಳಿಯಿತೋ ಇಲ್ಲವೋ, ಅದನ್ನು ಕೇಳಿದವರಿಲ್ಲ.

ಕೇಳಿದವರು ಪ್ರಾಜಕ್ತಾ ಒಬ್ಬರೇ. ಆ್ಯಪ್ ಒತ್ತಿದವರಿರಲಿ, ಫೋನ್ ಮಾಡಿದವರಿರಲಿ, ಎಲ್ಲರಿಗೂ ಅವರು ತಿರುಗಿ ಫೋನ್ ಮಾಡುತ್ತಾರೆ. ಒಂದೇ ಪ್ರಶ್ನೆ: ಡಾಕ್ಟರ ಕೈ ದನದ ಮೈಗೆ ಹತ್ತಿದ್ದು ಎಷ್ಟೊತ್ತಿಗೆ? ಉತ್ತರವನ್ನು ಒಂದು ವಹಿಯಲ್ಲಿ ಬರೆಯುತ್ತಾರೆ. ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಓದಲು ಬಾರದು. ಹೀಗಾಗಿ ‘ಕೈ ಹತ್ತಿತು’ ಎಂಬ ಕನ್ನಡದ ಮಾತು ಅಲ್ಲಿ ಮರಾಠಿ ಅಕ್ಷರದಲ್ಲಿದೆ. ಇದನ್ನು ಮಾಡೆಂದು ಯಾರೂ ಹೇಳಿಲ್ಲ. ಮಾಡಿದ್ದಕ್ಕೆ ಬೈದವರಿದ್ದಾರೆ.

ಎಂಟೂ ಮುಕ್ಕಾಲಿಗೆ ಸುಮಿತ್ರಾಬಾಯಿಗೆ ಫೋನ್ ಹೋಗುತ್ತದೆ. “ಏಳೂವರಿಗೆ ಬಂದ್ರರೀ. ಹೆಣ್ಣ ಕರ ಹುಟ್ಟೇತಿ! ನಿಮ್ಮ ಹೆಸರ ಇಡಬೇಕಂದ್ರ ನಮ್ಮ ಬಾಯಾಗ ಹೊರಳವಲ್ದು.” ಪ್ರಾಜಕ್ತಾ ಜೋರಾಗಿ ನಗುತ್ತಾರೆ, ವಹಿಯಲ್ಲಿ ಹೊತ್ತು ಬರೆದುಕೊಳ್ಳುತ್ತಾರೆ.

ಮೂವತ್ತೆಂಟರ ಪ್ರಾಜಕ್ತಾ ಈ ಕೆಲಸಕ್ಕೆ ಬರುವ ಮೊದಲು ಒಂಬತ್ತು ವರ್ಷ ಹಾಲಿನ ಕೇಂದ್ರದಲ್ಲಿ ಹಾಲು ಅಳೆದವರು. ಗಂಡನದು ಹೊಲದ ಕೆಲಸ. ನಸುಕಿನ ನಾಲ್ಕಕ್ಕೆ ಎದ್ದು, ಮನೆಯ ಎರಡು ಎಮ್ಮೆ ಹಿಂಡಿ, ರೊಟ್ಟಿ ಬಡಿದು ಬಸ್ಸು ಹಿಡಿಯುತ್ತಾರೆ. ಬಂದದ್ದು, ಮಾಡಿದ್ದು ಸೇರಿ ದಿನಕ್ಕೆ ಮೂವತ್ತರಿಂದ ನಲವತ್ತು ಫೋನು. ಕನ್ನಡ, ಮರಾಠಿ, ದಖನಿ ಮೂರೂ ನಾಲಿಗೆಯ ಮೇಲಿವೆ. ಮಾವ ಹಣಮಂತಪ್ಪ ಊರವರಿಗೆ ಹೇಳುವುದು ಹೀಗೆ: “ನಮ್ಮ ಸೊಸಿ ಸೋಲಾಪುರದಾಗ ಕುಂತು ಅಕ್ಕಲಕೋಟದ ಎಮ್ಮಿಗೋಳ ಬಾಣಂತನ ಮಾಡ್ತಾಳ. ಮನ್ಯಾಗಿನ ಎಮ್ಮಿ ಮಾತ್ರ ನನ್ನ ಪಾಲಿಗೆ.” ಆರು ವರ್ಷವಾದರೂ ಪ್ರಾಜಕ್ತಾ ಅವರ ಹುದ್ದೆ ತಾತ್ಪೂರ್ತಿಕ, ಕಾಯಂ ಅಲ್ಲ. ಹೊಸ ವರ್ಷ, ಹೊಸ ಕಾಗದ.

ಐದು ತಿಂಗಳ ಹಿಂದೆ ತಂಡದ ಮುಖ್ಯಸ್ಥ ಯೋಗಿರಾಜ ಪ್ರಾಜಕ್ತಾರ ಕುರ್ಚಿಯ ಬಳಿ ಬಂದು ನಿಂತರು. “ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಮಾತು ಸರಾಸರಿ ಹನ್ನೊಂದ ಮಿನಿಟ್ ಬರಾಕತ್ತೈತಿ. ಬರೋ ಒಂದನೇ ತಾರೀಖಿನಿಂದ ಫೋನ್ ಬಂದ್ ಮಾಡಿ ರೆಕಾರ್ಡಿಂಗ್ ಹಚ್ಚತೀವಿ.”

“ಮೂರ ಮಿನಿಟಿನ್ಯಾಗ ಹಾದಿ ಹೇಳಾಕ ನಮ್ಮ ಮಂದಿ ಹೈವೇ ಮ್ಯಾಲ ದನ ಕಟ್ಯಾರೇನ್ರಿ ಸರ್?”

“ನಾ ಏನ್ ಮಾಡ್ಲಿ ಅಕ್ಕಾರ? ಆಕಡೆ ಹಂಗ ತೋರಸ್ತೈತಿ.”

ಮರಾಠಿಯಲ್ಲಿ ಆಕಡೆ ಎಂದರೆ ಅಂಕಿ. ಅಂಕಿ ತೋರಿಸಿದ್ದೇ ಸತ್ಯವಾದರೆ ಕಣ್ಣು ಯಾಕೆ ಬೇಕು? ಯೋಗಿರಾಜ ಕೆಟ್ಟವರಲ್ಲ. ಆದರೆ ಕೆಡುಕು ಮಾಡಲು ಕೆಟ್ಟವರೇ ಬೇಕಿಲ್ಲ. ತಪ್ಪು ಅಳತೆಯ ಮಾಪು ಒಳ್ಳೆಯವರ ಕೈಯಲ್ಲೂ ಮೋಸವನ್ನೇ ಅಳೆಯುತ್ತದೆ.

ಮುಂದಿನ ಸೋಮವಾರದ ಸಭೆಗೆ ಪ್ರಾಜಕ್ತಾ ಕರೆಯದೇ ಹೋದರು. ಮಾಲಕ ಶಾಂತಲಿಂಗಪ್ಪನವರೂ ಇದ್ದರು. ಮೂರು ತಲೆಮಾರಿನಿಂದ ಹಿಂಡಿ ವ್ಯಾಪಾರದ ಮನೆತನ. ಪ್ರಾಜಕ್ತಾ ವಹಿ ತೆರೆದು ಓದಿದರು. ಹಿಂದಿನ ತಿಂಗಳು ಬಂದ ಕರೆ ಇನ್ನೂರ ನಲವತ್ತು. ಪರದೆಯ ಪ್ರಕಾರ ಡಾಕ್ಟರು ತಲುಪಿದ್ದು ಇನ್ನೂರ ಮೂವತ್ತೊಂದು. ಅದೇ ದಿನ ಕೈ ಹತ್ತಿದ್ದು ನೂರ ನಲವತ್ತೆಂಟು. ಮರುದಿನ ಮೂವತ್ತೊಂದು. ಪರದೆ ‘ತಲುಪಿದರು’ ಎಂದರೂ ಕೈ ಹತ್ತದೇ ಹೋದದ್ದು ಐವತ್ತೆರಡು. ಅವುಗಳಲ್ಲಿ ಸತ್ತದ್ದು ಏಳು.

“ಇದು ಬಾಯಿ ಮಾತು. ಪುರಾವೆ?” ಎಂದರು ಒಬ್ಬರು.

ಪ್ರಾಜಕ್ತಾ ಅಲ್ಲೇ ಹನ್ನೂರಿನ ಚನ್ನವೀರಪ್ಪನವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. “ಕಾಕಾ, ಹ್ವಾದ ವಾರ ಡಾಕ್ಟರ್ ಬಂದಿದ್ರೇನ್ರಿ?”

“ಬಂದಿದ್ನಂತವಾ, ಸ್ಟ್ಯಾಂಡಿಗೆ! ನಮ್ಮ ಎಮ್ಮಿಗೆ ಎಸ್ಟಿ ಹತ್ತಾಕ ಬರಂಗಿಲ್ಲಲ್ಲ, ಹೆಂಗ ಮಾಡ್ಲಿ? ಸಂಜಿಗೆ ಸತ್ತಿತು. ಸತ್ತ ಮ್ಯಾಲ ಮೊಬೈಲ್‌ನ್ಯಾಗ ಮೆಸೇಜ್ ಬಂತು, ನಮ್ಮ ಸೇವಾ ಹೆಂಗಿತ್ತು, ಐದು ಚುಕ್ಕಿ ಕೊಡ್ರಿ ಅಂತ. ಯಾರವಾ ಅಂವಾ? ಎದುರಿಗೆ ಕರ್ಕೊಂಡು ಬಾ, ಕೊಡ್ತೀನಿ ಐದು.”

ಪ್ರಾಜಕ್ತಾ ಮಾಲಕರ ಕಡೆ ತಿರುಗಿದರು. “ಅಣ್ಣಾರ, ಕೆಳಗ ನಿಮ್ಮ ಅಂಗಡ್ಯಾಗ ಹಿಂಡಿ ಚೀಲ ಹನ್ನೂರ ಸ್ಟ್ಯಾಂಡಿನ್ಯಾಗ ಇಳಿಸಿ ‘ಮುಟ್ಟೇತಿ’ ಅಂತ ಬರ್ಕೋತೀರೇನ್ರಿ?”

ಬರೆದುಕೊಳ್ಳುವುದಿಲ್ಲ. ಆ ಅಂಗಡಿಯ ರಿವಾಜು ಪೇಟೆಗೆಲ್ಲ ಗೊತ್ತು: ಗಿರಾಕಿ ಬಾಯಿಂದ “ಬಂತು” ಎನ್ನುವ ತನಕ ಚೀಲ ಅಂಗಡಿಯದೇ. ದಾರಿಯಲ್ಲಿ ತೊಯ್ದರೆ ಬೇರೆ ಚೀಲ. ತಾತನ ಕಾಲದಿಂದ ಕೆಳಗಿನ ಅಂಗಡಿಯಲ್ಲಿ ನಡೆದ ನ್ಯಾಯ, ಇಪ್ಪತ್ತು ಮೆಟ್ಟಿಲು ಹತ್ತಿ ಕಂಪ್ಯೂಟರ್ ಇಟ್ಟ ಕೂಡಲೇ ಸತ್ತುಹೋಗಿತ್ತು.

ಶಾಂತಲಿಂಗಪ್ಪ ವಹಿಯನ್ನು ತಮ್ಮತ್ತ ಎಳೆದುಕೊಂಡು, “ಮೂರ ತಿಂಗಳು ಆಕಿ ವಹಿ ಪ್ರಕಾರ ನಡೀಲಿ,” ಎಂದರು. ಗೋಡೆಯ ಅಂಕಿ ಒಂದೇ ದಿನ ತೊಂಬತ್ತಾರರಿಂದ ಅರವತ್ತೊಂದಕ್ಕೆ ಇಳಿಯಿತು. ಒಳಗಿನ ಹುಡುಗರು ಮುಖ ಗಂಟಿಕ್ಕಿಕೊಂಡರು. ಆದರೆ ಅಳತೆ ಬದಲಾದ ಮೇಲೆ ಕೆಲಸವೂ ಬದಲಾಗಲೇಬೇಕಾಯಿತು. ಆ್ಯಪಿನಲ್ಲಿ ವಸ್ತಿಯ ಹೆಸರು, ಹಾದಿಯ ಗುರುತು, ಎದುರುಗೊಳ್ಳುವವರ ನಂಬರು ಬಂದವು. ದನದ ಮನೆಯವರು ಹೌದೆನ್ನದೆ ಈಗ ಕಡತ ಮುಚ್ಚುವುದಿಲ್ಲ. ಮೂರನೇ ತಿಂಗಳಿಗೆ ಅಂಕಿ ಎಪ್ಪತ್ತೊಂಬತ್ತು ಮುಟ್ಟಿತು. ಸತ್ತದ್ದು ಒಂದು.

ಮತ್ತೆರಡು ತಿಂಗಳು ಎಳೆದು, ಕಳೆದ ಶನಿವಾರ ತೀರ್ಮಾನ ಬಂದಿದೆ. ಫೋನು ಉಳಿಯುತ್ತದೆ. ಸಂತೋಷವೇ. ಆದರೆ ಉಳಿದದ್ದನ್ನೂ ಕೇಳಿ. ಹೊರಗಿನಿಂದ ದೊಡ್ಡವರು ಬರುವ ದಿನ ಗೋಡೆಯ ಮೇಲೆ ಹಳೆಯ ತೊಂಬತ್ತಾರೇ ಬೆಳಗಬೇಕಂತೆ. ಎಪ್ಪತ್ತೊಂಬತ್ತು ನೋಡಿದರೆ ಅವರು ಏನಂದುಕೊಂಡಾರು? ಆ ಕೆಂಪು ಗಡಿಯಾರ ತೆಗೆಯಲು ಇನ್ನೂ ಯಾರಿಗೂ ಪುರಸೊತ್ತಾಗಿಲ್ಲ. ಟ್ರೋಫಿ ಒಳಗಿನ ಕಪಾಟಿನಲ್ಲಿದೆ. ಹಿಂದಿರುಗಿಸುವ ಮಾತನ್ನು ಯಾರೂ ಎತ್ತಿಲ್ಲ. ವಹಿ ಬರೆದಾಕೆಯ ಹುದ್ದೆ ಈಗಲೂ ತಾತ್ಪೂರ್ತಿಕ.

ಅವರಿಗೆ ಸಿಟ್ಟು ಬರುವುದಿಲ್ಲವೇ? “ಬರ್ತದ್ರಿ. ಸಿಟ್ಟು ಬರಲಾರದಕಿ ಈ ಕುರ್ಚಿ ಮ್ಯಾಲ ಕುಂದ್ರಬಾರದು,” ಎನ್ನುತ್ತಾರೆ ಪ್ರಾಜಕ್ತಾ. ಬೇಕಾದದ್ದೇನು ಎಂದರೆ ಕೇಳುವುದು ಇಷ್ಟೇ: “ಒಳಗಿನ ಹುಡುಗ್ರು ತಿಂಗಳಿಗೊಬ್ರು ಬಂದು ನನ್ನ ಬಾಜೂಕ ಕುಂತು ಫೋನ್ ಎತ್ತಲಿ. ನಾಕು ಮಂದಿ ಕಡಿಂದ ಬೈಸ್ಕೊಳ್ಳಿ. ಆವತ್ತಿನ ಚಾ ನಂದು.”

ಮತ್ತೆ ಫೋನು ಬಡಿದುಕೊಳ್ಳುತ್ತದೆ. ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತ ಅವರು ಒಂದು ಮಾತು ಸೇರಿಸುತ್ತಾರೆ.

“ನನಗ ಬೈದವರು ಭಾಳ ಮಂದಿ ಅದಾರ್ರಿ. ಆದ್ರ ಫೋನ್ ಎತ್ತಲಿಲ್ಲ ಅಂತ ಬೈದವರು ಒಬ್ರೂ ಇಲ್ಲ.”