ಶಕುಂತಲಮ್ಮ ದೊಡ್ಡದು ಮಾಡಿದ ಲ್ಯಾಪ್‌ಟಾಪು

ಬೀರೂರಿಗೆ ಬಾಡಿಗೆಗೆ ಬಂದ ಹೊಸತರಲ್ಲೇ ಪಕ್ಕದ ಮನೆಯ ಶಕುಂತಲಮ್ಮನ ಮೇಲೆ ನನಗೆ ಅನುಮಾನ ಹುಟ್ಟಿತು. ಅರ್ಧ ಲೋಟ ಸಕ್ಕರೆ ಕೇಳಲು ಹೋಗಿದ್ದೆ. "ಸಕ್ಕರೆ ತುಂಬೈತೆ ಕಣವ್ವಾ," ಎಂದು ನಕ್ಕು ಬರಿ ಲೋಟ ವಾಪಸ್ ಕೊಟ್ಟರು. ತುಂಬಿದ್ದರೆ ಕೊಡೋಕೇನು ಕಷ್ಟ? ಬೆಂಗಳೂರಿನ ಕಾನ್ವೆಂಟಿನವಳು ಅಂತ ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಅವರ ಗಂಡ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರಂತೆ, ಈಗಿಲ್ಲ. ಬಾಣಂತಿಗೆ ನೀರು ಹಾಕಲು, ಮಗುವಿನ ಬಾಯಿಗೆ ಬಜೆ ತೇಯಲು ಬೀದಿಯೆಲ್ಲ ಕರೆಯುವುದು ಇವರನ್ನೇ. ಹಾಗಾಗಿ ಇವರಿಗೆ ಗೊತ್ತಿಲ್ಲದ ಮನೆಯಿಲ್ಲ. ಎದುರುಮನೆ ಕರಿಯಮ್ಮನ ಮೊಮ್ಮಗಳಿಗೆ ಬಂದ ಸಂಬಂಧ ಮುರಿದದ್ದೂ ಇವರ ಬಾಯಿಂದಲೇ ಎಂದು ಯಾರೋ ಹೇಳಿದ್ದರು. ನಿಜವೋ ಸುಳ್ಳೋ, ನಾನು ನಂಬಿದ್ದೆ.

ನನಗೆ ಮುಚ್ಚಿಡುವುದೊಂದಿತ್ತು. ಮಗಳು ಅನುಷಾಗೆ ಇನ್ನೂ ಎರಡು ತುಂಬಿಲ್ಲ. ನಿದ್ದೆಯಲ್ಲಿ ಒಮ್ಮೊಮ್ಮೆ ಎಡಗೈ ಅದುರುತ್ತದೆ, ತುಟಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆಮೇಲೆ ಏನೂ ಆಗದವಳಂತೆ ಮಲಗಿರುತ್ತಾಳೆ. "ಕನಸು ಕಣೇ," ಎಂದು ನನ್ನ ಗಂಡ ರುದ್ರಮೂರ್ತಿ ಅಜ್ಜಂಪುರದ ಕೆಲಸಕ್ಕೆ ರೈಲು ಹತ್ತುತ್ತಾರೆ. ಶಿವಮೊಗ್ಗದ ಡಾಕ್ಟರು, "ನಾನು ನೋಡದೆ ಹೇಗಮ್ಮ ಹೇಳಲಿ? ವಿಡಿಯೊ ತನ್ನಿ," ಅಂದರು. ಹೇಗೋ ಒಂದು ಸಲ ಸಿಕ್ಕಿತು. ಫೋನು ತುಂಬಿದ್ದರಿಂದ ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿದೆ.

ಆ ಲ್ಯಾಪ್‌ಟಾಪು ನನ್ನ ಕಾಲೇಜಿನ ಕಾಲದ್ದು. ಬ್ಯಾಟರಿ ಸತ್ತಿದೆ, ವೈರು ಚುಚ್ಚಿಯೇ ಇರಬೇಕು. ಈಚೆಗೆ ಪವರ್ ಬಟನ್ನೂ ಒಳಗೆ ಕುಸಿದುಹೋಗಿತ್ತು. ಕಡೂರಿನ ರಿಪೇರಿಯವನು, "ಈ ಮಾಡಲ್‌ಗೆ ಬಟನ್ ಬರಲ್ಲ ಮೇಡಂ. ಆಫ್ ಮಾತ್ರ ಮಾಡ್ಬೇಡಿ, ಮಾಡಿದ್ರೆ ಏಳಲ್ಲ," ಎಂದು ಫೋನಿನಲ್ಲೇ ಹೇಳಿದ್ದ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ, ವಿಡಿಯೊ ಹಾಕಿಕೊಳ್ಳಲು ಪೆನ್‌ಡ್ರೈವ್ ತರಬೇಕಿತ್ತು. ಅನುಷಾ ಮಲಗಿದ್ದಳು. ಬೇರೆ ದಾರಿಯಿಲ್ಲದೆ ಶಕುಂತಲಮ್ಮನನ್ನು ಕರೆದು ಕೂರಿಸಿದೆ. ಲ್ಯಾಪ್‌ಟಾಪಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಅದರೊಳಗೇನಿದೆ ಅಂತ ಕೇಳುತ್ತಾರೆ. ಕಣ್ಣಿಗೆ ಬೀಳದಿರಲಿ ಎಂದು ಮೇಲೊಂದು ದಪ್ಪ ಟವೆಲ್ ಹೊದಿಸಿ ಹೋದೆ.

ಬರುವಷ್ಟರಲ್ಲಿ ಅವರು ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಬಂದ್ಯಾ? ನಿನ್ ಲ್ಯಾಪ್‌ಟಾಪು ದೊಡ್ಡದು ಮಾಡಿದೀನಿ ಕಣವ್ವಾ."

ವಿಡಿಯೊ ದೊಡ್ಡದು ಮಾಡಿ ನೋಡಿದ್ದಾರೆ!

"ಯಾರ್ ಹೇಳಿದ್ದು ನಿಮಗೆ ನೋಡೋಕೆ? ಟವೆಲ್ ಯಾಕೆ ತೆಗೆದ್ರಿ?"

"ಲೇ, ನೋಡೋಕೇನೈತೆ ಅದ್ರಾಗೆ? ಟವೆಲ್ ಹೊದ್ದು ಕಾವಲಿ ಹಂಗೆ ಕಾದಿತ್ತು, ಸುಟ್ಟ ವಾಸನೆ ಬೇರೆ. ಮಗು ಎದ್ದು ಕೈ ಇಡಕ್ಕೆ ಹೋಯ್ತು. ವೈರ್ ಕಿತ್ತು ದೊಡ್ಡದು ಮಾಡ್ದೆ. ದೀಪಾನ ಆರಿಸ್ದೆ ಅಂತಾರೇನೇ ಯಾರಾದ್ರೂ? ದೊಡ್ಡದು ಮಾಡ್ದೆ ಅಂತಾರೆ."

ಒಳಗೆ ಓಡಿದೆ. ಪರದೆ ಕಪ್ಪು. ವೈರು ಚುಚ್ಚಿ ಆ ಗುಂಡಿಯನ್ನು ಬೆರಳಿಂದ, ಪಿನ್ನಿಂದ ಒತ್ತಿದ್ದೇ ಒತ್ತಿದ್ದು. ಏಳಲಿಲ್ಲ. ಹಾಗಾದರೆ ಅವತ್ತು ಸಕ್ಕರೆ ತುಂಬಿತ್ತು ಅಂದರೆ ಖಾಲಿಯಾಗಿತ್ತು! ಅಳು ಬಂತು. "ಇನ್ನು ಡಾಕ್ಟರಿಗೆ ಏನು ತೋರಿಸಲಿ?" ಎಂದುಬಿಟ್ಟೆ.

ಶಕುಂತಲಮ್ಮ ಪಕ್ಕದಲ್ಲಿ ಕೂತರು. ದನಿ ಇಳಿಸಿ, "ಎಡಗೈನಾ?" ಅಂದರು.

ನಾನು ಥಟ್ಟನೆ ಅವರತ್ತ ತಿರುಗಿದೆ.

"ಏಳೋಕ್ ಮುಂಚೆ ಬಂತು. ಕೈ ಹಿಂಗಾಯ್ತು, ತುಟಿ ಹಿಂಗೆ. ಪಕ್ಕಕ್ಕೆ ಮಲಗಿಸ್ದೆ, ಸರಿ ಹೋಯ್ತು. ನಾಳೆ ನಾನೂ ಬತ್ತೀನಿ, ನಾನೇ ಹೇಳ್ತೀನಿ ಡಾಕ್ಟ್ರಿಗೆ."

ನನ್ನ ಬಿಟ್ಟು ಅದನ್ನು ಕಣ್ಣಾರೆ ಕಂಡವರು ಇವರೊಬ್ಬರೇ. ಸಮಾಧಾನವಾಗಬೇಕಿತ್ತು. ಆದರೂ ಕೇಳಿದೆ, "ಬೀದಿಯಲ್ಲಿ ಯಾರಿಗೂ ಹೇಳಲ್ಲ ತಾನೇ?"

"ನನ್ ಬಾಯೀನೂ ದೊಡ್ಡದು ಮಾಡ್ಕೋತೀನಿ ಬಿಡು," ಎಂದು ನಕ್ಕರು.

ಯಾವ ಅರ್ಥದಲ್ಲಿ ಅಂದರೋ!

ಮರುದಿನ ಡಾಕ್ಟರ ಮುಂದೆ ಅವರು ಸೆರಗು ಸಿಕ್ಕಿಸಿ, ತಮ್ಮ ಎಡಗೈ ಅದುರಿಸಿ, ತುಟಿ ಎಳೆದು ತೋರಿಸಿದರು. ಡಾಕ್ಟರು, "ಇನ್ನೊಂದ್ಸಲ ಮಾಡಿ," ಅಂದರು. ಆಮೇಲೆ ಕನಸು ಗಿನಸು ಅನ್ನದೆ ತಲೆಯ ಪರೀಕ್ಷೆಗೆ ಬರೆದುಕೊಟ್ಟರು.

ವಾಪಸ್ ಬರುವಾಗ ರೈಲು ತರೀಕೆರೆಯಲ್ಲಿ ನಿಂತಿತು. ಪರಿಚಯದ ಹೆಂಗಸೊಬ್ಬಳು ಹತ್ತಿ ಶಕುಂತಲಮ್ಮನ ಪಕ್ಕ ಕೂತು, "ಎಲ್ಲಿಗ್ ಹೋಗಿದ್ರಿ?" ಎಂದಳು. ನಾನು ಅನುಷಾಳನ್ನು ಬಿಗಿಯಾಗಿ ಅಪ್ಪಿಕೊಂಡು ಕಿವಿ ಅತ್ತಲೇ ಇಟ್ಟೆ.

"ಇವ್ಳ ಲ್ಯಾಪ್‌ಟಾಪಿನ ಗುಂಡಿ ಹಾಳಾಗೈತೆ ಕಣೇ," ಅಂದರು ಶಕುಂತಲಮ್ಮ. "ರಿಪೇರಿಗೆ ಹೋಗಿದ್ವಿ."